ಕೈ ಎತ್ತಿದವರೇ ಕೈ ಹಿಡಿದರು!

"ಕಟಕ್!"

ಇಷ್ಟೇ ಸ್ವಾಮಿ, ಒಂದೇ ಒಂದು ಸದ್ದು. ಈ ಸದ್ದು ಮತ್ತೊಮ್ಮೆ ಕೇಳಬೇಕು ಅಂತ ನಾನು ಜೇವರ್ಗಿ, ಅಫಜಲಪುರ, ಆಳಂದ ಅಂತ ಮೂರು ತಾಲೂಕು ಸುತ್ತಿದೆ. ಕೆಂಪು ಬಸ್ಸಿನ ಧೂಳು ಕುಡಿದೆ. ಹೆಂಡತಿಯಿಂದ ಬೈಸಿಕೊಂಡೆ. ಎಲ್ಲಕ್ಕಿಂತ ಹೆಚ್ಚಾಗಿ, ಎಂಬತ್ತಮೂರು ವರ್ಷದ ಅಪ್ಪನ ಮುಖ ನೋಡುವ ಧೈರ್ಯವಿಲ್ಲದೆ ಎರಡು ತಿಂಗಳು ಕಳ್ಳನ ಹಾಗೆ ಹಿತ್ತಲ ಬಾಗಿಲಿನಿಂದ ಓಡಾಡಿದೆ.

ಏನಪ್ಪಾ ಇವನ ಗೋಳು, ಸಿನಿಮಾ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಅಂದಿರಾ? ತಾಳಿ ಗೆಳೆಯರೇ, ನಾಯಕನ ಪ್ರವೇಶ ಇನ್ನೂ ಆಗಿಲ್ಲ!

ಎರಡು ಕಣ್ಣಿನ ಹೀರೋ

ನಾಯಕನ ಹೆಸರು ಯಾಶಿಕಾ ಮ್ಯಾಟ್ 124 ಜಿ. ಹುಟ್ಟೂರು ಜಪಾನ್. 1970ರಿಂದ 1986ರವರೆಗೆ ತಯಾರಾದ ಮಾಡೆಲ್ಲು. ಎದೆಯ ಮೇಲೆ ಒಂದರ ಕೆಳಗೊಂದು ಎರಡು ಕಣ್ಣು. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಇದನ್ನು ಕಣ್ಣಿಗೆ ಹಚ್ಚಿಕೊಂಡು ನೋಡುವುದಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ನೆತ್ತಿಯ ಗಾಜಿನೊಳಗೆ ಇಣುಕಬೇಕು. ಅಲ್ಲೂ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. 120 ನಂಬರಿನ ರೋಲು ಹಾಕಿದರೆ ಸಿಗುವುದು ಹನ್ನೆರಡೇ ಚಿತ್ರ. ಈಗಿನ ಹುಡುಗರು ಮೊಬೈಲಿನಲ್ಲಿ ಒಂದು ಚಹಾ ಕುಡಿಯುವುದರೊಳಗೆ ಅಷ್ಟು ತೆಗೆದು ಅಳಿಸಿಬಿಡುತ್ತಾರೆ!

ಹಳೆಯ ಟಾಕೀಸುಗಳ ಗೇಟಿನ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಸಿನಿಮಾದ ಫೋಟೋ ಅಂಟಿಸುತ್ತಿದ್ದರಲ್ಲ, ಟಿಕೆಟ್ಟಿಗೆ ಕಾಸಿಲ್ಲದವರು ಅವನ್ನೇ ನೋಡಿ ಅರ್ಧ ಕಥೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರಲ್ಲ, ಆ ಫೋಟೋಗಳು ರೀಲಿನಿಂದ ಕತ್ತರಿಸಿದವಲ್ಲ. ಸ್ಟಿಲ್ ಫೋಟೋಗ್ರಾಫರ್ ಅಂತ ಬೇರೆಯೇ ಒಬ್ಬ ಇರುತ್ತಿದ್ದ. ಶಾಟ್ ಮುಗಿದ ಮೇಲೆ ನಟ-ನಟಿಯರನ್ನು ಇನ್ನೊಮ್ಮೆ ಹಾಗೇ ನಿಲ್ಲಿಸಿ ಅವನು ತೆಗೆದ ಚಿತ್ರಗಳವು. ಆ ಕಾಲದಲ್ಲಿ ಅಂಥ ಹಲವರ ಕೊರಳಲ್ಲಿ ಎರಡು ಕಣ್ಣಿನ ಕ್ಯಾಮೆರಾವೇ ತೂಗುತ್ತಿತ್ತು. ದುಡ್ಡಿದ್ದವರಿಗೆ ಜರ್ಮನಿಯ ರೋಲಿಫ್ಲೆಕ್ಸ್, ಉಳಿದವರಿಗೆ ಯಾಶಿಕಾ.

ಅಪ್ಪ ಜೇವರ್ಗಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದರು. ಆಗ ಪರದೇಶದ ಕ್ಯಾಮೆರಾ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಾಮಾನ್ಯರ ಪಾಲಿಗೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಡಬ್ಬಿಯೇ ದೊಡ್ಡದು. 1978ರಲ್ಲಿ ಕುವೈತಿನಿಂದ ಬಂದ ಗೆಳೆಯರೊಬ್ಬರು ಈ ಯಾಶಿಕಾ ತಂದುಕೊಟ್ಟಾಗ ಅಪ್ಪ ಅವ್ವನ ಎರಡು ಬಳೆ ಅಡವಿಟ್ಟು ಹಣ ಕೊಟ್ಟರಂತೆ. ಬಳೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಅದಕ್ಕೇ ಅವ್ವ ಅದನ್ನು ಸಾಯುವವರೆಗೂ "ನನ್ನ ಸವತಿ" ಅಂತಲೇ ಕರೆದಳು.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲು ಹಾಕಿ ಅಪ್ಪ ಎಷ್ಟು ಮದುವೆ, ಎಷ್ಟು ಜಾತ್ರೆ ತೆಗೆದರೋ ಲೆಕ್ಕವಿಲ್ಲ. ಸ್ಟುಡಿಯೋದಲ್ಲಿ ಒಂದು ಕನ್ನಡಿ, ಒಂದು ಬಾಚಣಿಕೆ, ಒಂದು ಕೂಲಿಂಗ್ ಗ್ಲಾಸು, ಒಂದು ಆಟಿಕೆ ಪಿಸ್ತೂಲು ಕಾಯಂ. 'ಆಟೋರಾಜ' (1980) ಬಂದಾಗ ಎಲ್ಲರಿಗೂ ಶಂಕರ್‌ನಾಗ್ ಕೂದಲು ಬೇಕು! ಮರುವರ್ಷ 'ಅಂತ' ಬಂತು ನೋಡಿ, ಅಂಬರೀಷ್ ಥರ ಕನ್ವರ್‌ಲಾಲನ ಠೀವಿ ತೋರಿಸಲು ಆ ಒಂದೇ ಕೂಲಿಂಗ್ ಗ್ಲಾಸಿಗೆ ಕ್ಯೂ ನಿಲ್ಲುತ್ತಿದ್ದರು. ಮದುವೆಯಾಗುವ ಗಂಡು ಮಾತ್ರ ಸಂಕೋಚದಿಂದ, "ಕಾಕಾ, ಅಣ್ಣಾವ್ರ ಗತೆ ಒಂದು ತಗೀರಿ" ಅನ್ನುತ್ತಿದ್ದ. ಇಷ್ಟೆಲ್ಲ ಜನರ ಫೋಟೋ ತೆಗೆದ ಅಪ್ಪನದೇ ಒಂದು ಒಳ್ಳೆಯ ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

ವಿಲನ್ ನಾನೇ!

ಡಿಜಿಟಲ್ ಬಂತು. 2006ರಲ್ಲಿ ಅಪ್ಪ ಸ್ಟುಡಿಯೋ ಮುಚ್ಚಿದರು. ಯಾಶಿಕಾ ಚರ್ಮದ ಚೀಲದಲ್ಲಿ ಟ್ರಂಕು ಸೇರಿತು. ಬರಬರುತ್ತ ಅಪ್ಪನ ಕಣ್ಣೂ ಮಂಜಾದವು. ಈಗ ಅವರಿಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ.

2022ರ ಬೇಸಿಗೆಯಲ್ಲಿ ಕಾಲೇಜಿನಿಂದ ಬಂದ ನನ್ನ ಮಗ, "ಅಪ್ಪಾ, ಈಗ ಮತ್ತ ಫಿಲ್ಮ್ ಕ್ಯಾಮೆರಾ ಫ್ಯಾಷನ್ ಆಗ್ಯದ, ಮುತ್ಯಾಂದು ಎಲ್ಲದ?" ಅಂದ. ಟ್ರಂಕು ತೆಗೆದೆವು. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ "ಕ..ಟ...ಕ್" ಅಂತ ಮೂರು ಸೆಕೆಂಡು ಎಳೆಯಿತು. ವರ್ಷಾನುಗಟ್ಟಲೆ ಆಡದ ಯಂತ್ರದೊಳಗೆ ಹಳೆಯ ಗ್ರೀಸು ಅಂಟಾಗಿತ್ತು. ಸ್ವಚ್ಛ ಮಾಡಿದರೆ ಮುಗಿಯುವ ಕೆಲಸ. ಆದರೆ ಆಗ ನನಗೇನು ಗೊತ್ತು?

ಅಪ್ಪನಿಗೆ ಹೇಳದೆ ಕ್ಯಾಮೆರಾ ಹೊತ್ತುಕೊಂಡು ಹೋದೆ. ರಿಪೇರಿಮಾಡಿಸಿ ತಂದು ಕೈಗಿಟ್ಟು ಬೆರಗುಗೊಳಿಸಬೇಕು ಅನ್ನುವ ಹುಚ್ಚು! ಟಿವಿ, ಮಿಕ್ಸರ್, ಮೊಬೈಲ್ ಎಲ್ಲ ರಿಪೇರಿ ಮಾಡುವ ಅಂಗಡಿ ಒಂದಿತ್ತು. ಅಂಗಡಿ ಹೆಸರು ಬೇಡ, ಊರಿನ ಹೆಸರೂ ಬೇಡ. ಆತ ಕ್ಯಾಮೆರಾವನ್ನು ಸರಿಯಾಗಿ ನೋಡಲೂ ಇಲ್ಲ. "ಅಯ್ಯ, ಇದೇನ್ ದೊಡ್ಡ ಮಾತ್ರಿ? ನಾಡಿದ್ದು ಬರ್ರಿ" ಅಂದ. ನನಗೆ ಖುಷಿಯೋ ಖುಷಿ. ಮುಂಗಡ ಅಂತ ಪೂರ್ತಿ ದುಡ್ಡು ಕೊಟ್ಟೆ. ಚೀಟಿ ಕೇಳಲಿಲ್ಲ. ಏನು ಕೆಟ್ಟಿದೆ ಅಂತಲೂ ಕೇಳಲಿಲ್ಲ.

ನಾಡಿದ್ದು ಅನ್ನುವುದು ಇಪ್ಪತ್ತು ದಿನವಾಯಿತು. ಕೊನೆಗೆ ಕೊಟ್ಟ. ಅಂಗಡಿಯಲ್ಲಿ ಒತ್ತಿದರೆ "ಕಟಕ್" ಅಂತ ಚೊಕ್ಕವಾಗಿ ಬಡಿಯಿತು. ಸಂತೋಷದಿಂದ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಬೆರಳಿನಿಂದಲೇ ಗುರುತು ಹಿಡಿದು, ಮೈದಡವಿ ಹತ್ತಿರ ಇಟ್ಟುಕೊಂಡರು. ಎಂಟೇ ದಿನ! ಒಂಬತ್ತನೇ ದಿನ ಶಟರು ಪೂರ್ತಿ ಬಾಯಿ ಮುಚ್ಚಿತು. ಅಪ್ಪ ಮತ್ತೆ ಮತ್ತೆ ಒತ್ತಿ ನೋಡಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು.

"ಯಾರ ಕೈಯಾಗ ಕೊಟ್ಟಿದ್ದಿ?"

ಹೇಳಿದೆ.

"ಹೊಲಿಗಿ ಮಿಷಿನ್ ಎಣ್ಣಿ ವಾಸನಿ ಬರ್ತದ," ಅಂದರು. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಕ್ಯಾಮೆರಾ ನನ್ನ ಕೈಗೆ ಕೊಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಅಫಜಲಪುರದ ಗಡಿಯಾರ

ಆ ಹುಣ್ಣಿಮೆಗೆ ಹೆಂಡತಿಯ ಜೊತೆ ದೇವಲ ಗಾಣಗಾಪುರಕ್ಕೆ ಹೋದೆ. ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗಿ ಎದ್ದರೂ ಮನಸ್ಸಿನ ಭಾರ ಇಳಿಯಲಿಲ್ಲ. ಕ್ಯಾಮೆರಾ ಜೋಳಿಗೆಯಲ್ಲೇ ಇತ್ತು. ಅಲ್ಲಿಂದ ಅಫಜಲಪುರಕ್ಕೆ ನೆಂಟರ ಮನೆಗೆ ಹೋದಾಗ, ಬಜಾರಿನಲ್ಲಿ ಹಳೆಯ ಗಡಿಯಾರ ರಿಪೇರಿಯವರೊಬ್ಬರು ಕಂಡರು. ಸಣ್ಣ ಗಾಜಿನ ಡಬ್ಬಿಯ ಹಿಂದೆ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು. ಗಡಿಯಾರದ ಹಲ್ಲುಚಕ್ರ, ಕ್ಯಾಮೆರಾದ ಹಲ್ಲುಚಕ್ರ ಎಲ್ಲ ಒಂದೇ ಅಲ್ಲವೇ ಅಂತ ಕೊಟ್ಟೆ.

ಅವರು ಹತ್ತು ನಿಮಿಷ ತಿರುವಿ ತಿರುವಿ ನೋಡಿದರು. ಬಿಚ್ಚಲಿಲ್ಲ. ಆಮೇಲೆ ಎರಡೂ ಕೈ ಮೇಲೆತ್ತಿಬಿಟ್ಟರು!

"ಇದು ನನ್ನ ಕೈಲಿ ಆಗೂದಲ್ಲ ಬಿಡ್ರಿ. ಗಡಿಯಾರ ಆದ್ರ ಕಣ್ಣ ಮುಚ್ಚಿ ಬಿಚ್ತೀನಿ. ಇದರಾಗ ಲೆನ್ಸ್ ಅದ. ಕೂದಲೆಳಿ ಆಚಿ ಈಚಿ ಆದ್ರ ಫೋಟೋ ಮಂಜಾಗ್ತದ. ಬಿಚ್ಚೂದ್ ಬರ್ತದ್ರಿ, ಕೂಡಸೂದ್ ಬರಂಗಿಲ್ಲ."

ನನಗೆ ಮನಸ್ಸು ಇಳಿದುಹೋಯಿತು. ಆದರೆ ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಈ ಸ್ಕ್ರೂ ತಲಿ ನೋಡ್ರಿ" ಅಂದರು. ನೋಡಿದೆ. ಸ್ಕ್ರೂಗಳ ತಲೆಯೆಲ್ಲ ಇಲಿ ಕಡಿದ ಹಾಗೆ ಚೂರು ಚೂರು. "ಅಳತಿ ಸೇರದ ಸ್ಕ್ರೂಡ್ರೈವರ್ ಹಾಕಿ ತಿರುವ್ಯಾರ. ಸ್ಕ್ರೂ ತಲಿ ಅಂದ್ರ ರಿಪೇರಿ ಮಾಡಾಂವನ ಸಹಿ ಇದ್ದಂಗ್ರಿ. ಇನ್ನ ಮ್ಯಾಲ ಯಾರಿಗರೆ ಕೊಡೂಕಿಂತ ಮೊದಲು ಅವರು ಬಿಚ್ಚಿದ ಬ್ಯಾರೆ ಸಾಮಾನಿನ ಸ್ಕ್ರೂ ನೋಡ್ರಿ."

ಎಂಥ ಮಾತು ನೋಡಿ! ನಾಲ್ಕು ಕಾಸು ತೆಗೆದುಕೊಳ್ಳಲಿಲ್ಲ. ಮೇಲಾಗಿ ಒಂದು ಚೀಟಿಯಲ್ಲಿ ಆಳಂದದ ಒಂದು ಓಣಿಯ ಗುರುತು ಬರೆದುಕೊಟ್ಟರು. "ಅಲ್ಲಿ ಒಬ್ಬ ಚಾಚಾ ಇದ್ದಾರ. ಬೊಂಬಾಯಾಗ ಇದೇ ಕೆಲಸ ಮಾಡಿ ಬಂದಾರ. ಒಪ್ಪಿಕೊಂಡ್ರ ನಿಮ್ಮ ಪುಣ್ಯ."

ಆಳಂದದ ಬಿಸ್ಕೀಟು ಡಬ್ಬಿ

ಮರುವಾರ ಆಳಂದದ ಬಸ್ಸು ಹತ್ತಿದೆ. ಲಾಡ್ಲೆ ಮಶಾಯಕ್ ದರ್ಗಾಕ್ಕೆ ಹೋಗುವ ಜನರ ನಡುವೆ ಇಳಿದು, ಕೇಳುತ್ತ ಕೇಳುತ್ತ ಹೋದರೆ ಅದೊಂದು ಮೊಬೈಲ್ ರೀಚಾರ್ಜ್ ಅಂಗಡಿ. ಅಂಗಡಿ ಮಗನದು. ಹಿಂದಿನ ಕೋಣೆಯಲ್ಲಿ ಚಾಚಾ ಕೂತಿದ್ದರು. ಎಪ್ಪತ್ತರ ಆಸುಪಾಸು. ಮುಂದೆ ಒಂದು ಬಿಸ್ಕೀಟು ಡಬ್ಬಿ, ಅದರಲ್ಲಿ ಅಳತೆ ಪ್ರಕಾರ ಸಾಲಾಗಿ ಜೋಡಿಸಿದ ಸ್ಕ್ರೂಡ್ರೈವರುಗಳು.

ಹದಿನಾಲ್ಕನೇ ವಯಸ್ಸಿಗೆ ಸೊಲ್ಲಾಪುರದಿಂದ ರೈಲು ಹತ್ತಿ, ಆಗಿನ ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಇಳಿದವರು. ಅದರ ಹತ್ತಿರದ ಬೋರಾ ಬಜಾರಿನಲ್ಲಿ ಕ್ಯಾಮೆರಾ ಅಂಗಡಿಗಳ ಸಾಲೇ ಇದೆ. ಅಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಮೊದಲ ಎರಡು ವರ್ಷ ಬರೀ ಗಾಜು ಒರೆಸಿದರಂತೆ! ಸಿನಿಮಾ ಶೂಟಿಂಗಿನ ಸ್ಟಿಲ್ ಫೋಟೋಗ್ರಾಫರುಗಳ ಕ್ಯಾಮೆರಾಗಳೂ ಅಲ್ಲಿಗೆ ಬರುತ್ತಿದ್ದವಂತೆ.

ನಾವು ಅಭಿಮಾನಿಗಳು ಟೈಟಲ್ ಕಾರ್ಡಿನಲ್ಲಿ ಛಾಯಾಗ್ರಾಹಕರ ಹೆಸರು ಬಂದಾಗ ಸೀಟಿ ಹೊಡೆಯುತ್ತೇವೆ. ಹೊಡೆಯಲೇಬೇಕು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಕನ್ನಡಿಯಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಹಿಡಿದ ಆ ಬೆಳಕಿನ ಕೋಲನ್ನು ಮರೆಯುವುದುಂಟೆ? 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಆದರೆ ಬಾಡಿಗೆ ಕ್ಯಾಮೆರಾದ ಜೊತೆಗೇ ಸೆಟ್ಟಿಗೆ ಬಂದು, ಧೂಳು ಊದಿ, ಫಿಲ್ಮು ಓಡುವ ಗೇಟಿನಲ್ಲಿ ಕೂದಲೆಳೆ ಸಿಕ್ಕಿದೆಯೇ ಅಂತ ಶಾಟ್ ಶಾಟಿಗೂ ನೋಡುತ್ತಿದ್ದ ಕ್ಯಾಮೆರಾ ಅಟೆಂಡೆಂಟುಗಳ ಹೆಸರು ಯಾರಿಗೆ ಗೊತ್ತು? ಬೆಂಚಿನ ಮೇಲೆ ಕೂತು ಶಟರು ರಿಪೇರಿ ಮಾಡಿದವರ ಹೆಸರಂತೂ ಯಾವ ಟೈಟಲ್ಲಿನಲ್ಲೂ ಬರುವುದಿಲ್ಲ. ಚಾಚಾ ಅಂಥವರಲ್ಲಿ ಒಬ್ಬರು.

ಕ್ಯಾಮೆರಾ ನೋಡಿದೊಡನೆ ಅವರ ಮುಖ ಅರಳಿತು. ಹಿಂಬಾಗಿಲು ತೆಗೆದು, ಟಾರ್ಚು ಬಿಟ್ಟು ನೋಡಿದಾಗ ಸಪ್ಪಗಾಯಿತು.

"ಎಣ್ಣಿ ಕುಡಿಸ್ಯಾರ ಬೇಟಾ. ಶಟರಿನ ಎಲಿ ಒಣಗಿದ್ದರೇ ಆಡ್ತಾವ. ಎಣ್ಣಿ ಬಿತ್ತಂದ್ರ ಒಂದಕ್ಕೊಂದು ಅಂಟ್ಕೋತಾವ. ಮೊದಲ ನಾಕ ದಿನ ಜಾರ್ತದ, ಆಮ್ಯಾಲ ಜಾಮ್."

"ಸರಿ ಆಗ್ತದೇನ್ರಿ ಚಾಚಾ?"

ಅವರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. "ಕ್ಯಾಮೆರಾ ಯಾರದು?" ಅಂದರು.

"ನಮ್ಮಪ್ಪಂದು."

"ಇಲ್ಲಿ ತಂದದ್ದು ಅವರಿಗೆ ಗೊತ್ತದ?"

ನಾನು ಸುಮ್ಮನಾದೆ. ಚಾಚಾ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಗುಂಡಿ ಹಚ್ಚಿ, ನನ್ನ ಮುಂದೆ ಸರಿಸಿದರು. "ಹಂಗಾದ್ರ ಒಯ್ಯಿ. ಅವರ ಸಾಮಾನು ಅವರಿಗೆ ಹೇಳದ ನಾ ಬಿಚ್ಚಂಗಿಲ್ಲ. ನಾಳೆ ಇದು ಸರಿ ಆಗಲಿಲ್ಲಂದ್ರ ಆ ಮನಷ್ಯಾಗ ಯಾರು ಜವಾಬು ಕೊಡಬೇಕು? ಅವರು ಹೂಂ ಅಂದ್ರ ಬಾ. ಬರೂ ಮುಂದ ಕ್ಯಾಮೆರಾದ ನಂಬರ್ ಬರಕೊಂಡು ಬಾ."

ಗೆಳೆಯರೇ, ಆ ಸಂಜೆ ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಕಟ್ಟಿಸಂಗಾವಿಯ ಹತ್ತಿರ ಭೀಮೆಯ ಸೇತುವೆ ದಾಟಿ ಜೇವರ್ಗಿ ಮುಟ್ಟುವವರೆಗೂ ನನಗೆ ಸಿಟ್ಟು. ಎಂಬತ್ತು ಕಿಲೋಮೀಟರು ದೂರದಿಂದ ಬಂದವನನ್ನು ಹೀಗೆ ಕಳಿಸುವುದೇ? ಆದರೆ ಮನೆಯ ಬಾಗಿಲಲ್ಲಿ ನಿಂತಾಗ ಹೊಳೆಯಿತು. ಇಷ್ಟು ದಿನದಲ್ಲಿ ಆ ಕ್ಯಾಮೆರಾಕ್ಕೆ ಒಬ್ಬ ಯಜಮಾನ ಇದ್ದಾನೆ ಅಂತ ನೆನೆಸಿಕೊಂಡವರು ಆ ಮುದುಕರೊಬ್ಬರೇ. ಹೆತ್ತ ಮಗ ನನಗೆ ನೆನಪಾಗಿರಲಿಲ್ಲ.

ಅಂದು ಮುಂಬಾಗಿಲಿನಿಂದಲೇ ಒಳಗೆ ಹೋದೆ. ಅಪ್ಪನ ಮಂಚದ ಹತ್ತಿರ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಹೇಳದೆ ಒಯ್ದದ್ದು ತಪ್ಪಾಯಿತು ಅಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಳಂದದಾಂವ ಹಂಗ ಅಂದನ?" ಅಂತ ಕೇಳಿದರು. ಹೂಂ ಅಂದೆ.

"ಮ್ಯಾಲಿನ ಮಾಡದಾಗ ಕೆಂಪು ವಹಿ ಅದ, ತಗೊಂಡು ಬಾ. ಮೊದಲ ಹಾಳಿ ಮ್ಯಾಗ ನಂಬರ್ ಬರದೀನಿ. ಬಾಡಿದೂ ಅದ, ಲೆನ್ಸಿಂದೂ ಅದ. ಕೊಡೂ ಮುಂದ ತೋರಸು, ತಗೊಳ್ಳೂ ಮುಂದ ತಾಳೆ ಮಾಡು."

ನಲವತ್ತನಾಲ್ಕು ವರ್ಷದ ಹಿಂದೆ ಬರೆದ ನಂಬರು!

ಎರಡನೇ ಸಲ ಹೋದಾಗ ಚಾಚಾ ವಹಿ ನೋಡಿ ಕಣ್ಣಿಗೆ ಒತ್ತಿಕೊಂಡರು. ಕ್ಯಾಮೆರಾದ ನಂಬರುಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಕೆಲಸ ಶುರುಮಾಡುವ ಮೊದಲೇ ಚೀಟಿ ಬರೆದರು: ಶಟರು ಸ್ವಚ್ಛ ಮಾಡುವುದು, ಹಿಂಬಾಗಿಲಿನ ಕೊಳೆತ ಸ್ಪಂಜು ತೆಗೆದು ಹೊಸದು ಹಾಕುವುದು, ಫೋಕಸ್ ನೋಡುವುದು. ಕೆಳಗೆ ದಪ್ಪ ಅಕ್ಷರದಲ್ಲಿ, 'ಮೀಟರ್ ಆಗುವುದಿಲ್ಲ.' ಬೆಳಕಿನ ಮೀಟರಿಗೆ ಬೇಕಾದದ್ದು ಪಾದರಸದ ಸೆಲ್ಲು. ಪರಿಸರಕ್ಕೆ ಕೆಡುಕು ಅಂತ ಅದರ ತಯಾರಿಕೆಯೇ ನಿಂತುಹೋಗಿದೆ. "ಬ್ಯಾರೆ ಸೆಲ್ ಹಾಕಿ ಮುಳ್ಳು ಆಡಿಸಿ ತೋರಿಸಬಹುದು. ಆದ್ರ ಅದು ಸುಳ್ಳು ಹೇಳ್ತದ. ಸುಳ್ಳು ಹೇಳೂ ಮೀಟರಕಿಂತ ಸತ್ತ ಮೀಟರ್ ಚಲೋ" ಅಂದರು.

ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮುಂದಿನ ಗಾಜು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಸ್ಪಿರಿಟ್ಟಿನಂಥ ದ್ರವದಲ್ಲಿ ಅದ್ದಿದ ಸಣ್ಣ ಕುಂಚದಿಂದ ಶಟರಿನ ಎಲೆಗಳನ್ನು ತೊಳೆದರು; ಒಣಗಿಸಿದರು; ಆಡಿಸಿದರು; ಮತ್ತೆ ತೊಳೆದರು. ಐದಾರು ಸಲ. ಎಲೆಗಳಿಗೆ ಒಂದು ಹನಿ ಎಣ್ಣೆ ಮುಟ್ಟಿಸಲಿಲ್ಲ. ಒಳಗಿನ ಚಕ್ರದ ತೂತಿಗೆ ಮಾತ್ರ ಸೂಜಿಯ ತುದಿಯಲ್ಲಿ ಸಾಸಿವೆಯಷ್ಟು. ಎಲ್ಲ ಕೂಡಿಸಿದ ಮೇಲೆ, ಫಿಲ್ಮು ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರನ್ನು ತೆರೆದಿಟ್ಟು, ದೂರದ ಬಲ್ಬಿನ ಕಡೆ ಹಿಡಿದರು. ಕಾಗದದ ಮೇಲೆ ಬಲ್ಬು ತಲೆಕೆಳಗಾಗಿ ಮೂಡಿತು. ಮೇಲಿನ ಗಾಜಿನಲ್ಲಿ ಚೊಕ್ಕ ಕಂಡಾಗ ಕೆಳಗಿನ ಕಾಗದದಲ್ಲೂ ಚೊಕ್ಕ ಕಾಣಬೇಕು, ಅದೇ ಪರೀಕ್ಷೆ. ಕಂಡಿತು!

"ಎಲ್ಲಾ ಚಲೋ ಅದ. ಹದಿನೈದರ ಸ್ಪೀಡ್ ಮಾತ್ರ ಒಂಚೂರು ಎಳೀತದ. ಇನ್ನ ಕೆದಕಿದ್ರ ಕೆಡ್ತದ, ಬಿಟ್ಟೀನಿ. ಹಂಗಂತ ನಿಮ್ಮ ಅಪ್ಪಾರಿಗೆ ಹೇಳು." ತೆಗೆದುಕೊಂಡದ್ದು 1,800 ರೂಪಾಯಿ. ತೆಗೆದ ಹಳೆಯ ಸ್ಪಂಜು, ಹಾಳಾದ ಎರಡು ಸ್ಕ್ರೂ ಎಲ್ಲ ಪೊಟ್ಟಣ ಕಟ್ಟಿ ಕೊಟ್ಟರು. ನಾನು ನಂಬರು ತಾಳೆ ಮಾಡಿದೆ. ಅವರೇನೂ ಬೇಸರಪಡಲಿಲ್ಲ, "ಮಾಡಬೇಕು, ಮಾಡಬೇಕು" ಅಂದರು.

ಕಿವಿಯ ಪರೀಕ್ಷೆ

ಮನೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಚಾಚಾ ಹೇಳಿದ್ದನ್ನು ಬೇಕೆಂದೇ ಹೇಳಲಿಲ್ಲ. ಅಪ್ಪ ಮೊದಲು ಮೂಸಿದರು. ಆಮೇಲೆ ಕಿವಿಗೆ ಹಚ್ಚಿಕೊಂಡು ಒಂದೊಂದೇ ಸ್ಪೀಡು ಇಡುತ್ತ ಬಂದರು. ಒಂದು ಸೆಕೆಂಡು... ಅರ್ಧ... ಕಾಲು... ಕಾಣದ ಕಣ್ಣು ಮುಚ್ಚಿ, ಹಾಡು ಕೇಳುವವರ ಹಾಗೆ ಕೇಳಿದರು. ನನ್ನ ಎದೆ ಢವಢವ!

"ಎಲ್ಲಾ ಬರೋಬರಿ ಅದ," ಅಂದರು. ತುಸು ತಡೆದು, "ಹದಿನೈದು ಒಂಚೂರು ಎಳೀತದ" ಅಂದರು.

ನಾನು ಅಲ್ಲೇ ಕುಸಿದು ಕೂತೆ. ಬೋರಾ ಬಜಾರಿನಲ್ಲಿ ಕಲಿತವರು ಹೇಳಿದ್ದೂ ಅದೇ, ಜೇವರ್ಗಿಯ ಕಣ್ಣಿಲ್ಲದ ಮುದುಕ ಹೇಳಿದ್ದೂ ಅದೇ. ಆಗ ಚಾಚಾನ ಮಾತು ತಿಳಿಸಿದೆ. ಎರಡು ತಿಂಗಳ ಮೇಲೆ ಅಪ್ಪ ನಕ್ಕರು. "ಹಂಗಾದ್ರ ಅವನ ಕೈಯಾಗ ಧೈರ್ಯಾಗಿ ಕೊಡಬಹುದು."

ರೋಲು ನಮ್ಮೂರಲ್ಲಿ ಸಿಗಲಿಲ್ಲ. ಮಗ ಬೆಂಗಳೂರಿನಿಂದ ತರಿಸಿದ. ಮೊದಲ ಚಿತ್ರ ಯಾರದು? ಅಪ್ಪನದೇ! ತಲೆಬಾಗಿಲ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮೀಟರು ಸತ್ತಿದೆಯಲ್ಲ, ಬೆಳಕು ಅಳೆಯುವುದು ಹೇಗೆ ಅಂತ ನಾನು ತಡಕಾಡಿದರೆ, ಅಪ್ಪ ಮುಖದ ಮೇಲೆ ಬಿದ್ದ ಬೆಳಕನ್ನು ಚರ್ಮದಿಂದಲೇ ಅಳೆದವರ ಹಾಗೆ, "ನೂರರ ಫಿಲ್ಮ್ ಏನು? ನೆರಳಾಗ ಐದೂ ಆರು ಇಡು, ಸ್ಪೀಡ್ ನೂರಾ ಇಪ್ಪತ್ತೈದು" ಅಂದರು. ನಾನು ಕ್ಯಾಮೆರಾ ಹೊಟ್ಟೆಗೆ ಹಿಡಿದು, ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದೆ. ಅಪ್ಪ ಕೂದಲು ನೀವಿಕೊಂಡು, ಗತ್ತಿನಿಂದ ಗದ್ದ ಮೇಲೆತ್ತಿದರು. ಥೇಟ್ ಅವರ ಸ್ಟುಡಿಯೋಕ್ಕೆ ಬರುತ್ತಿದ್ದ ಮದುಮಕ್ಕಳ ಹಾಗೆ!

"ಕಟಕ್!"

ಆ ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಅಪ್ಪನಿಗೆ ಅದು ಕಾಣುವುದಿಲ್ಲ. ಬಂದವರೆಲ್ಲ "ಚಲೋ ಬಂದದ" ಅಂದಾಗ, "ಕ್ಯಾಮೆರಾ ಚಲೋ ಅದ" ಅನ್ನುತ್ತಾರೆ.

ಗೆಳೆಯರೇ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಮಲಗಿರಬಹುದು. ಕೆಳಗಿಳಿಸಿ. ಚರ್ಮದ ಚೀಲದಿಂದ ಹೊರಗಿಡಿ, ಚರ್ಮ ತೇವ ಹಿಡಿದರೆ ಲೆನ್ಸಿಗೆ ಬೂಷ್ಟು ಬರುತ್ತದೆ. ನಂಬರು ಬರೆದಿಡಿ. ಶಟರು ಅಂಟಿದ್ದರೆ ನೀವಾಗಿ ಎಣ್ಣೆ ಬಿಡಬೇಡಿ. "ನಾಡಿದ್ದು ಬರ್ರಿ" ಅಂದವನಿಗೆ ಕೊಡುವ ಮೊದಲು, ಇದರಲ್ಲಿ ನಿನ್ನ ಕೈಲಿ ಆಗದ್ದು ಯಾವುದು ಅಂತ ಕೇಳಿ. ಎಲ್ಲ ಆಗುತ್ತದೆ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅಫಜಲಪುರದವರು ಕೈ ಎತ್ತದೇ ಹೋಗಿದ್ದರೆ, ಆಳಂದದವರು ತಿರುಗಿ ಕಳಿಸದೇ ಹೋಗಿದ್ದರೆ, ನನಗೆ ಕ್ಯಾಮೆರಾವೂ ಸಿಗುತ್ತಿರಲಿಲ್ಲ, ಅಪ್ಪನೂ ಸಿಗುತ್ತಿರಲಿಲ್ಲ.

ಮತ್ತೆ, ಕ್ಯಾಮೆರಾ ಯಾರದೋ ಅವರನ್ನು ಕೇಳಿಯೇ ಒಯ್ಯಿರಿ. ನನ್ನ ಹಾಗೆ ಹಿತ್ತಲ ಬಾಗಿಲು ಹಿಡಿಯಬೇಡಿ!